ಬೆಂಗಳೂರಿನಿಂದ ಬೀದರ್‌ಗೆ, ಕಾಲಡಿಯ ಕಲ್ಲು ನೋಡಿಕೊಂಡು

ರೈಲು ಹತ್ತಿದರೆ ಬೆಂಗಳೂರಿನಿಂದ ಬೀದರ್ ಒಂದು ರಾತ್ರಿಯ ದಾರಿ. ನಾವು ಕಾರಿನಲ್ಲಿ, ಅಲ್ಲಲ್ಲಿ ನಿಂತು, ನೆಲ ನೋಡುತ್ತಾ ಹೋದೆವು. ಇದಕ್ಕೊಂದು ಕಾರಣ ಇತ್ತು. ಈ ದಾರಿಯಲ್ಲಿ ಉತ್ತರಕ್ಕೆ ಹೋದಷ್ಟೂ ಹೆಚ್ಚುಕಡಿಮೆ ಕಲ್ಲಿನ ವಯಸ್ಸು ಇಳಿಯುತ್ತಾ ಬರುತ್ತದೆ. ಲಾಲ್‌ಬಾಗ್‌ನಲ್ಲಿ 300 ಕೋಟಿ ವರ್ಷದ ಬಂಡೆ, ಬಾದಾಮಿಯಲ್ಲಿ ಪುರಾತನ ಮರಳು, ವಿಜಯಪುರ ದಾಟಿದರೆ ಬರೀ 6.6 ಕೋಟಿ ವರ್ಷದ ಲಾವಾ. ಟಿಕೆಟ್ ಇಲ್ಲದೆ ನೋಡಬಹುದಾದ ಇಂಥ ಮ್ಯೂಸಿಯಂ ನಮ್ಮ ರಾಜ್ಯದಲ್ಲೇ ಇದೆ. ನಾವು ಮಾತ್ರ ಅದರ ಮೇಲೆ ಟಾರು ಹಾಕಿಕೊಂಡು ನೂರರ ಸ್ಪೀಡಲ್ಲಿ ಓಡುತ್ತೇವೆ.

ಜೊತೆಗೆ ಬಂದವರು ನಮ್ಮ ಸೋದರಮಾವ. ತುಮಕೂರು ಕಡೆ ವರ್ಷಗಟ್ಟಲೆ ಬೋರ್‌ವೆಲ್ ಲಾರಿ ಓಡಿಸಿದವರು. ಪುಸ್ತಕ ಓದಿದವರಲ್ಲ. ಆದರೆ ಕೊಳವೆ ಬಾಯಿಂದ ಹಾರುವ ಪುಡಿಯ ಬಣ್ಣ ನೋಡಿ ಕೆಳಗೇನಿದೆ ಅಂತ ಹೇಳುತ್ತಾರೆ.

ಮೊದಲ ದಿನ: ಲಾಲ್‌ಬಾಗ್, ಮರಡಿಹಳ್ಳಿ, ಚಿತ್ರದುರ್ಗ

ಬೆಳಿಗ್ಗೆ ಆರಕ್ಕೆ ಲಾಲ್‌ಬಾಗ್ ಬಂಡೆ ಮೇಲೆ ವಾಕಿಂಗ್‌ನವರದೇ ಜಾತ್ರೆ. ಕೆಂಪೇಗೌಡರ ಗೋಪುರದ ಹತ್ತಿರ ಸೆಲ್ಫಿ. ಬಂಡೆಯನ್ನೇ ಬಗ್ಗಿ ನೋಡುವವರು ಯಾರೂ ಇರಲಿಲ್ಲ. ಬಗ್ಗಿ ನೋಡಿದರೆ ಬಿಳಿ-ಕಪ್ಪು ಪಟ್ಟೆಗಳು ಸುಳಿದು, ಮಡಚಿ, ಮತ್ತೆ ನೇರವಾಗಿ ಹೋಗಿರುವುದು ಕಾಣುತ್ತದೆ. ಬಿಳಿ ಭಾಗದಲ್ಲಿ ಬೆಣಚು ಮತ್ತು ಫೆಲ್ಡ್‌ಸ್ಪಾರ್, ಕಪ್ಪು ಭಾಗದಲ್ಲಿ ಹಳ್ಳಿಯವರು ಕಾಗೆಬಂಗಾರ ಅನ್ನುವ ಅಭ್ರಕ. ಭೂಮಿಯ ಆಳದಲ್ಲಿ ಬಿಸಿಗೂ ಒತ್ತಡಕ್ಕೂ ಸಿಕ್ಕಿ ಖನಿಜಗಳು ಹೀಗೆ ಸಾಲುಗಟ್ಟಿದ ಕಲ್ಲಿಗೆ ನೈಸ್ ಅಂತ ಹೆಸರು. ದಕ್ಷಿಣ ಭಾರತದ ಬಹುಪಾಲು ನೆಲಕ್ಕೆ ಇದೇ ತಳಹದಿ. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯಲ್ಲಿದ್ದ ಸ್ಮೀತ್ 1916ರಲ್ಲಿ ಇದನ್ನು 'ಪೆನಿನ್ಸುಲಾರ್ ನೈಸ್' ಎಂದು ಕರೆದರು. ಲಾಲ್‌ಬಾಗ್ ಬಂಡೆ ಈಗ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ.

ಮಾವನಿಗೆ ಇದು ಹಳೇ ಶತ್ರು. "ಈ ಕಲ್ಲಲ್ಲಿ ನೀರು ನಿಲ್ಲೋಕೆ ಜಾಗಾನೇ ಇಲ್ಲ ಕಣೋ. ಬಿರುಕು ಸಿಕ್ತಾ ನೀರು, ಇಲ್ವಾ ಬರೀ ಬೂದಿ," ಅಂದರು. ನಿಜ. ನೈಸ್ ಆಗಲಿ ಗ್ರಾನೈಟ್ ಆಗಲಿ ತಾನಾಗಿ ನೀರು ಹಿಡಿಯುವುದಿಲ್ಲ. ಮೇಲಿನ ಕೊಳೆತ ಪದರದಲ್ಲಿ, ಇಲ್ಲಾ ಒಳಗಿನ ಬಿರುಕುಗಳಲ್ಲಿ ಎಷ್ಟಿದೆಯೋ ಅಷ್ಟೇ. ಬೆಂಗಳೂರು ಸುತ್ತಮುತ್ತ ಸಾವಿರ ಅಡಿ ಕೊರೆದರೂ ಧೂಳೇ ಬರುವುದು ಇದಕ್ಕೇ.

ತುಮಕೂರು, ಶಿರಾ, ಹಿರಿಯೂರು ದಾಟಿ ಐಮಂಗಲ ಹತ್ತಿರ ಹೆದ್ದಾರಿ ಬಿಟ್ಟೆವು. ಮರಡಿಹಳ್ಳಿಯ ದಿಂಬು ಲಾವಾ ನೋಡಬೇಕಿತ್ತು. ಸುತ್ತ ಒಣ ಹೊಲ, ಜಾಲಿ, ಕುರಿಮಂದೆ. ಭೂವೈಜ್ಞಾನಿಕ ಸರ್ವೇಕ್ಷಣೆಯವರ ಬೋರ್ಡ್ ಇರದಿದ್ದರೆ ಯಾರೂ ನಿಲ್ಲುವ ಜಾಗವಲ್ಲ.

ಆದರೆ ಹತ್ತಿರ ಹೋಗಿ ಕೂತರೆ ಏಳಲು ಮನಸ್ಸಾಗದು. ಹಸಿರು ಮಿಶ್ರಿತ ಬೂದು ಕಲ್ಲಿನಲ್ಲಿ ಉಬ್ಬಿದ ಗುಂಡುಗಳು ಒಂದರ ಮೇಲೊಂದು ಒತ್ತಿಕೊಂಡಿವೆ. ಸಮುದ್ರದ ತಳದಲ್ಲಿ ಬಿರುಕು ಬಿಟ್ಟು ಲಾವಾ ಹೊರಬಂದಾಗ, ಚಕ್ಕುಲಿ ಒರಳಿನಿಂದ ಹಿಟ್ಟು ಬಂದ ಹಾಗೆ ತುಂಡುತುಂಡಾಗಿ ಹೊರಡುತ್ತದೆ. ತಣ್ಣೀರು ತಾಗಿದ ಕೂಡಲೇ ಹೊರಮೈ ಗಟ್ಟಿಯಾಗುತ್ತದೆ, ಒಳಗೆ ಇನ್ನೂ ಬಿಸಿ. ಹಿಂದಿನಿಂದ ಬಂದ ಲಾವಾ ಅದನ್ನು ಉಬ್ಬಿಸುತ್ತದೆ. ಒಂದು ದಿಂಬಿನ ಅಂಚಿನ ಮೇಲೆ ಬೆರಳಾಡಿಸಿದೆ. ಅಂಚು ನುಣ್ಣಗೆ, ಗಾಢ ಬಣ್ಣ. ಬೇಗ ತಣಿದ ಭಾಗ ಅದು. ನಡುವಿಗೆ ಬಂದಂತೆ ಕಣಗಳು ದಪ್ಪ. ಇನ್ನೊಂದು ಗಮನಿಸಬೇಕಾದ್ದಿದೆ. ದಿಂಬಿನ ಮೇಲ್ಭಾಗ ಉಬ್ಬಿರುತ್ತದೆ. ತಳ ಮಾತ್ರ ಕೆಳಗಿನ ಎರಡು ದಿಂಬುಗಳ ಸಂದಿಗೆ ಚೂಪಾಗಿ ಇಳಿದಿರುತ್ತದೆ. ನೆಲ ಎಷ್ಟೇ ಮಗುಚಿಬಿದ್ದಿದ್ದರೂ, ಆವತ್ತು ಮೇಲೆ ಯಾವುದಿತ್ತು ಕೆಳಗೆ ಯಾವುದಿತ್ತು ಅಂತ ಭೂವಿಜ್ಞಾನಿಗಳು ಹೇಳುವುದು ಇದನ್ನೇ ನೋಡಿ.

ಇದು 250 ಕೋಟಿ ವರ್ಷಕ್ಕೂ ಹಳೆಯದು. ರಾಜ್ಯದಲ್ಲೇ ಮಳೆ ಕಮ್ಮಿ ಬೀಳುವ ಹಿರಿಯೂರು ಸೀಮೆಯಲ್ಲಿ ಸಮುದ್ರದ ತಳದ ಮೇಲೆ ನಿಂತಿದ್ದೆವು. "ಇಲ್ಲಿ ಸಮುದ್ರ ಇತ್ತಾ?" ಅಂತ ಮಾವ ಬಾಟಲಿ ನೀರು ಕುಡಿಯುತ್ತಾ ಕೇಳಿದರು. ಬೋರ್ಡ್ ತೋರಿಸಿದೆ. ಪೂರ್ತಿ ಓದಿದರು. ನಂಬಿದರೋ ಇಲ್ಲವೋ ಗೊತ್ತಿಲ್ಲ.

ಸಂಜೆ ದುರ್ಗದ ಕೋಟೆ. ಓಬವ್ವನ ಕಿಂಡಿ, ಹೊಂಡಗಳು, ಎಲ್ಲರೂ ನೋಡಿರುವಂಥವೇ. ಮದಕರಿ ನಾಯಕನ ಕೋಟೆಗೆ ಅರ್ಧ ಗೋಡೆ ಕಟ್ಟಿದ್ದು ಗ್ರಾನೈಟ್ ಗುಡ್ಡಗಳೇ. ಬಂಡೆ ಎಲ್ಲಿ ತಪ್ಪಿತೋ ಅಲ್ಲಿ ಕಲ್ಲು ಜೋಡಿಸಿದ್ದಾರೆ, ಅಷ್ಟೇ.

ಎರಡನೇ ದಿನ: ಸಂಡೂರು, ಹಂಪಿ

ಕೂಡ್ಲಿಗಿ ಮೇಲೆ ಸಂಡೂರಿಗೆ ಹೋದೆವು. ರಸ್ತೆ ಬದಿಯ ಗಿಡಗಳ ಎಲೆ ಮೇಲೆಲ್ಲ ಕೆಂಪು ಪುಡಿ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಕಬ್ಬಿಣದ ಅದಿರಿನ ಗಣಿಗಾರಿಕೆ ನಿಲ್ಲಿಸಿತ್ತು. ಆಮೇಲೆ ಷರತ್ತು ಹಾಕಿ ಮತ್ತೆ ಬಿಟ್ಟಿತು. ಲಾರಿಗಳು ಓಡುತ್ತಲೇ ಇವೆ.

ರಸ್ತೆ ಬದಿಯಲ್ಲಿ ಬಿದ್ದಿದ್ದ ಒಂದು ಚೂರು ಎತ್ತಿಕೊಂಡೆ. ಅಂಗೈಯಗಲದ ಕಲ್ಲು, ತೂಕ ಮಾತ್ರ ಅದರ ಗಾತ್ರಕ್ಕೆ ಮೀರಿದ್ದು. ಒಂದು ಪಟ್ಟೆ ಉಕ್ಕಿನ ಬಣ್ಣ, ಪಕ್ಕದ್ದು ಕೆಂಪು. ಹೀಗೇ ಒಂದರ ಪಕ್ಕ ಒಂದು. ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದ ನೀರಲ್ಲಿ ಕಬ್ಬಿಣ ಕರಗಿಕೊಂಡಿತ್ತು. ಗಾಳಿಯಲ್ಲಿ ಆಮ್ಲಜನಕ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ ಇದ್ದ ಕಾಲ ಅದು. ಬಿಸಿಲಿನಿಂದ ಆಹಾರ ಮಾಡಿಕೊಳ್ಳುವ ಸೂಕ್ಷ್ಮಜೀವಿಗಳು ಹುಟ್ಟಿ ಆಮ್ಲಜನಕ ಬಿಡತೊಡಗಿದ ಮೇಲೆ ಕಬ್ಬಿಣ ತುಕ್ಕಾಗಿ ತಳಕ್ಕೆ ಕೂತಿತು ಅನ್ನುವುದು ಹೆಚ್ಚು ಜನ ಒಪ್ಪುವ ವಿವರಣೆ. ಆ ಪಟ್ಟೆ ಕಲ್ಲಿನಲ್ಲಿ ಸಿಲಿಕಾ, ಅಂದರೆ ಬೆಣಚಿನಲ್ಲಿರುವ ವಸ್ತು, ತೊಳೆದುಹೋಗಿ ಕಬ್ಬಿಣವೇ ಉಳಿದ ಜಾಗಗಳಲ್ಲಿ ಒಳ್ಳೆ ಅದಿರು ಸಿಗುತ್ತದೆ.

ಖನಿಜ ಗುರುತಿಸುವ ಸುಲಭ ಪರೀಕ್ಷೆ ಒಂದಿದೆ. ಮನೆಯ ಗೋಡೆ ಟೈಲ್ಸ್ ಇರುತ್ತಲ್ಲ, ಅದರ ಹಿಂಭಾಗಕ್ಕೆ ಪಾಲಿಶ್ ಇರುವುದಿಲ್ಲ. ಒಂದು ತುಂಡು ಬ್ಯಾಗಲ್ಲಿ ತಂದಿದ್ದೆ. ಅದರ ಮೇಲೆ ಆ ಬೂದು ಪಟ್ಟೆಯನ್ನು ಉಜ್ಜಿದೆ. ಕಲ್ಲು ಬೂದು, ಬಿದ್ದ ಗೆರೆ ಕೆಂಗಂದು. ಹಾಗೆ ಬಿದ್ದರೆ ಅದು ಹೆಮಟೈಟ್. ಗೆರೆ ಕಪ್ಪಾಗಿ, ಕಲ್ಲಿಗೆ ಅಯಸ್ಕಾಂತ ಅಂಟಿದರೆ ಮ್ಯಾಗ್ನಟೈಟ್. ಕಲ್ಲಿನ ಹೊರಗಿನ ಬಣ್ಣ ನಂಬಬಾರದು, ಪುಡಿಯ ಬಣ್ಣ ನಂಬಬೇಕು. ಇದನ್ನು ಹೇಳಿದಾಗ ಮಾವ ನಕ್ಕರು. "ನಾನು ಇಷ್ಟು ವರ್ಷ ಮಾಡಿದ್ದು ಇನ್ನೇನು?"

ಮಧ್ಯಾಹ್ನದ ಹೊತ್ತಿಗೆ ಹಂಪಿ. ಇಲ್ಲಿನ ಬಂಡೆಗಳನ್ನು ಯಾರೋ ತಂದು ಪೇರಿಸಿದ ಹಾಗಿದೆ ಅಂತ ಎಲ್ಲರಿಗೂ ಅನ್ನಿಸುತ್ತದೆ. ಕಿಷ್ಕಿಂಧೆಯ ಕಪಿಗಳು ಎಸೆದಾಡಿದವು ಅನ್ನೋ ಕಥೆ ಹುಟ್ಟಿದ್ದೂ ಅದಕ್ಕೇ. ನಿಜ ಹೇಳಬೇಕೆಂದರೆ ಒಂದು ಬಂಡೆಯೂ ಮೇಲಿನಿಂದ ಬಂದದ್ದಲ್ಲ. ಸುಮಾರು 250 ಕೋಟಿ ವರ್ಷಗಳ ಹಿಂದೆ ನೆಲದಾಳದಲ್ಲಿ ಗಟ್ಟಿಯಾದ ಗ್ರಾನೈಟ್ ಇದು. ರಾಮನಗರಕ್ಕೆ ಮೊದಲಿದ್ದ ಕ್ಲೋಸ್‌ಪೇಟೆ ಅನ್ನೋ ಹೆಸರೇ ಈ ಕಲ್ಲಿಗೂ ಇದೆ. ಅಲ್ಲಿಂದ ಇಲ್ಲಿವರೆಗೆ ತೆಳುವಾದ ಪಟ್ಟಿಯಂತೆ ನೂರಾರು ಕಿಲೋಮೀಟರ್ ಉದ್ದಕ್ಕೆ ಹಬ್ಬಿದೆ. ರಾಮನಗರದ ಬೆಟ್ಟ, ಹಂಪಿಯ ಹೇಮಕೂಟ ಎರಡೂ ಒಂದೇ ಬಳ್ಳಿಯವು.

ಮೇಲಿನ ಭಾರವೆಲ್ಲ ಸವೆದುಹೋದಾಗ ಗ್ರಾನೈಟ್ ಹಿಗ್ಗಿ ಬಿರುಕು ಬಿಟ್ಟಿತು, ಉದ್ದಕ್ಕೂ ಅಡ್ಡಕ್ಕೂ. ಬಿರುಕಿನಲ್ಲಿ ನೀರಿಳಿಯಿತು. ಮೂಲೆಗಳಿಗೆ ಮೂರು ಕಡೆಯಿಂದ ನೀರು ತಾಗುತ್ತದೆ, ಹಾಗಾಗಿ ಅವು ಮೊದಲು ಕೊಳೆತವು. ಚೌಕ ಕಲ್ಲು ನೆಲದೊಳಗೇ ಗುಂಡಾಯಿತು. ಆಮೇಲೆ ಸುತ್ತಲಿನ ಮಣ್ಣು ಮಳೆಗೆ ಕೊಚ್ಚಿಹೋಗಿ, ಗುಂಡುಗಳು ನಿಂತಲ್ಲೇ ಉಳಿದವು. ಮಣ್ಣಿನ ಕಥೆಯೂ ಇದರಲ್ಲೇ ಇದೆ. ಫೆಲ್ಡ್‌ಸ್ಪಾರ್ ಕೊಳೆತು ಜೇಡಿಯಾಗುತ್ತದೆ, ಬೆಣಚು ಕೊಳೆಯದೆ ಮರಳಾಗಿ ಉಳಿಯುತ್ತದೆ, ಕಪ್ಪು ಖನಿಜದ ಕಬ್ಬಿಣ ತುಕ್ಕು ಹಿಡಿದು ಎಲ್ಲಕ್ಕೂ ಕೆಂಪು ಬಳಿಯುತ್ತದೆ. ನಮ್ಮ ಹಳೇ ಮೈಸೂರಿನ ಕೆಮ್ಮಣ್ಣು ಅಂದರೆ ಇದೇ.

ಹೇಮಕೂಟದ ಹಾಸುಬಂಡೆಯಲ್ಲಿ ಸಾಲಾಗಿ ಆಯತಾಕಾರದ ಕುಳಿಗಳಿವೆ. ವಿಜಯನಗರದ ಕಲ್ಲುಕುಟಿಗರು ಅದರಲ್ಲಿ ಬೆಣೆ ಹೊಡೆದು ಬಂಡೆ ಸೀಳುತ್ತಿದ್ದರು. ಒಂದು ಬಂಡೆ ಅರ್ಧಕ್ಕೆ ಕುಳಿ ಮಾಡಿ ಬಿಟ್ಟಿದ್ದು ಹಾಗೇ ಇದೆ. 1528ರ ಉಗ್ರನರಸಿಂಹ ಒಂದೇ ಕಲ್ಲಿನದು, 6.7 ಮೀಟರ್ ಎತ್ತರ. ಇಷ್ಟು ದೊಡ್ಡ, ಬಿರುಕಿಲ್ಲದ ಬಂಡೆ ಸಿಗುವುದು ಗ್ರಾನೈಟ್ ಸೀಮೆಯಲ್ಲೇ. ಆದರೆ ಇಲ್ಲಿನ ಕೆತ್ತನೆ ಹೊಯ್ಸಳರಷ್ಟು ನವಿರಲ್ಲ ಅಂತ ದೂರುವವರಿಗೆ ಒಂದು ಮಾತು: ಬೇಲೂರಿನವರಿಗೆ ಉಗುರಲ್ಲಿ ಗೀರಬಹುದಾದ ಬಳಪದ ಕಲ್ಲು ಸಿಕ್ಕಿತ್ತು, ಇವರಿಗೆ ಗ್ರಾನೈಟ್. ಹಜಾರರಾಮ ಗುಡಿಯೊಳಗೆ ನುಣುಪಾದ ಕಪ್ಪು ಕಲ್ಲಿನ ಕಂಬಗಳಿವೆ. ಅಲ್ಲಿ ಕೈ ಎಷ್ಟು ಸೂಕ್ಷ್ಮಕ್ಕೆ ಹೋಗಿದೆ ನೋಡಿ.

ಮೂರನೇ ದಿನ: ಬಾದಾಮಿ

ಕುಷ್ಟಗಿ ದಾಟಿ ಇಳಕಲ್ಲು. ಸೀರೆ ಕೊಳ್ಳಲು ಮನೆಯಿಂದ ಆದೇಶ ಇತ್ತು, ಕೊಂಡೆವು. ಊರಾಚೆ ಕೆಂಪು ಗ್ರಾನೈಟ್ ಚಪ್ಪಡಿಗಳ ರಾಶಿ. ಇದು ದೇಶವಿದೇಶಕ್ಕೆ ಹೋಗುತ್ತದೆ.

ಬಾದಾಮಿಯಲ್ಲಿ ಕಲ್ಲು ಪೂರ್ತಿ ಬದಲು. ಈ ಮರಳುಗಲ್ಲಿಗೆ ನೂರು ಕೋಟಿ ವರ್ಷದ ಆಸುಪಾಸಿನ ವಯಸ್ಸು. ನದಿ, ಆಳವಿಲ್ಲದ ನೀರು ತಂದು ಹಾಕಿದ ಮರಳು ಪದರಪದರವಾಗಿ ಕೂತು, ಸಿಲಿಕಾ ಮತ್ತು ಕಬ್ಬಿಣದ ಅಂಟಿನಿಂದ ಗಟ್ಟಿಯಾದದ್ದು. ಬಣ್ಣ ಕೊಟ್ಟದ್ದೂ ಆ ಕಬ್ಬಿಣವೇ. ಮೂರನೇ ಗುಹೆಯಲ್ಲಿ ಮಂಗಳೇಶನ ಕಾಲದ, ಕ್ರಿ.ಶ. 578ರ ಶಾಸನ ಇದೆ. ಜನ ವಿಷ್ಣುವನ್ನು ನೋಡುತ್ತಾರೆ, ನೋಡಲೇಬೇಕು. ಆದರೆ ಕಂಬಗಳನ್ನೂ ನೋಡಿ. ಕೆಂಪು, ಕೆನೆ, ನೇರಳೆ ಗೆರೆಗಳು ಒಂದು ಕಂಬದಿಂದ ಪಕ್ಕದ ಕಂಬಕ್ಕೆ ಅದೇ ಎತ್ತರದಲ್ಲಿ ಮುಂದುವರಿಯುತ್ತವೆ. ಕಂಬ ನಿಲ್ಲಿಸಿದ್ದಲ್ಲ, ನಡುವಿನ ಕಲ್ಲು ತೆಗೆದದ್ದು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಗುಹೆಗಳ ಆಚೆಯ ಬಂಡೆಗೋಡೆಯಲ್ಲಿ ಇನ್ನೊಂದು ಸೋಜಿಗ. ದೊಡ್ಡ ಪದರಗಳು ಮಟ್ಟಸವಾಗಿ ಮಲಗಿವೆ. ಒಂದೊಂದು ಪದರದೊಳಗೆ ಸಣ್ಣ ಗೆರೆಗಳು ಓರೆಯಾಗಿ ಇಳಿದಿವೆ. ನೀರು ಹರಿಯುವಾಗ ಮರಳಿನ ದಿಣ್ಣೆ ಮುಂದಕ್ಕೆ ಜಾರುತ್ತಾ ಬೀಳುತ್ತಲ್ಲ, ಆ ಜಾರು ಹಾಗೇ ಕಲ್ಲಾಗಿದೆ. ಓರೆ ಎತ್ತ ಕಡೆಗಿದೆಯೋ ನೀರು ಅತ್ತ ಹರಿದಿತ್ತು. ನೂರು ಕೋಟಿ ವರ್ಷದ ಹಿಂದಿನ ಹೊಳೆಯ ದಿಕ್ಕನ್ನು ಕೈ ಚಾಚಿ ತೋರಿಸಬಹುದು. ಮಾವ ಇದನ್ನು ತಕ್ಷಣ ಹಿಡಿದರು. ಹೊಳೆಯಲ್ಲಿ ಮರಳು ತೋಡಿಸುವಾಗ ಇಂಥದ್ದನ್ನೇ ಕಂಡಿದ್ದರಂತೆ.

ರಾತ್ರಿ ಊಟಕ್ಕೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಕೆನೆಮೊಸರು. ಈ ಬಗ್ಗೆ ಭೂವಿಜ್ಞಾನ ಏನೂ ಹೇಳಬೇಕಿಲ್ಲ.

ನಾಲ್ಕನೇ ದಿನ: ಕಲಾದಗಿ, ವಿಜಯಪುರ

ಕಲಾದಗಿ ಇವತ್ತು ದಾಳಿಂಬೆ, ಚಿಕ್ಕುಗೆ ಹೆಸರಾದ ಊರು. ಭೂವಿಜ್ಞಾನಿಗಳಿಗೆ ಅದು ಬೇರೆಯೇ ಕಾರಣಕ್ಕೆ ಗೊತ್ತು. ಬೆಳಗಾವಿಯಿಂದ ಬಾಗಲಕೋಟೆವರೆಗಿನ ಮರಳುಗಲ್ಲು, ಸುಣ್ಣದ ಕಲ್ಲುಗಳ ಇಡೀ ರಾಶಿಗೆ ಈ ಊರಿನದೇ ಹೆಸರು. ಹತ್ತೊಂಬತ್ತನೇ ಶತಮಾನದಲ್ಲಿ ಈ ಸೀಮೆಯನ್ನು ಅಳೆದು ನಕ್ಷೆ ಮಾಡಿದವರು ರಾಬರ್ಟ್ ಬ್ರೂಸ್ ಫೂಟ್. 1863ರಲ್ಲಿ ಮದ್ರಾಸ್ ಹತ್ತಿರ ಪಲ್ಲಾವರದಲ್ಲಿ ಆದಿಮಾನವನ ಕಲ್ಲಿನ ಕೈಕೊಡಲಿ ಕಂಡುಹಿಡಿದವರೂ ಅವರೇ.

ಬಾಗಲಕೋಟೆ, ಲೋಕಾಪುರ ಕಡೆಯ ಸುಣ್ಣದ ಕಲ್ಲಿನಲ್ಲಿ ಸ್ಟ್ರೊಮ್ಯಾಟೊಲೈಟ್ ಇವೆ. ಕತ್ತರಿಸಿದ ಮುಖದಲ್ಲಿ ಕಮಾನಿನ ಮೇಲೆ ಕಮಾನು, ತೆಳು ಗೆರೆಗಳು. ಆಳವಿಲ್ಲದ ಸಮುದ್ರದಲ್ಲಿ ಪಾಚಿಯಂಥ ಸೂಕ್ಷ್ಮಜೀವಿಗಳ ಅಂಟುಚಾಪೆ ಹರಡಿತ್ತು. ಅದರ ಮೇಲೆ ಕೆಸರು ಕೂತಿತು, ಬೆಳಕಿಗಾಗಿ ಜೀವಿಗಳು ಮೇಲೆ ಬಂದು ಹೊಸ ಚಾಪೆ ಹೆಣೆದವು, ಮತ್ತೆ ಕೆಸರು. ಹೀಗೆ ಬೆಳೆದ ಗುಪ್ಪೆ ಇದು.

"ಇದೇನಾ ಪಳೆಯುಳಿಕೆ? ಮೂಳೆ-ಗೀಳೆ ಏನೂ ಇಲ್ವಾ?" ಮಾವನಿಗೆ ನಿರಾಸೆಯೇ ಆಯಿತು. ಡೈನೊಸಾರ್ ಬೇಕಿತ್ತು ಅವರಿಗೆ. ಇಲ್ಲಿ ಸಿಗಲ್ಲ. ಚಿಪ್ಪು, ಮೂಳೆ ಇರುವ ಪ್ರಾಣಿಗಳು ಹೆಚ್ಚಾಗಿ ಕಾಣಿಸಿಕೊಂಡದ್ದೇ ಸುಮಾರು 54 ಕೋಟಿ ವರ್ಷಗಳ ಈಚೆಗೆ. ನಮ್ಮ ನೈಸ್, ಗ್ರಾನೈಟ್, ಕಲಾದಗಿ ಎಲ್ಲ ಅದಕ್ಕಿಂತ ಬಹಳ ಹಿಂದಿನವು. ಅಲ್ಲಿಂದ ಮುಂದಿನ ದೊಡ್ಡ ಅಧ್ಯಾಯ 6.6 ಕೋಟಿ ವರ್ಷದ ಲಾವಾ. ನಡುವಿನ ಪುಟಗಳು ನಮ್ಮ ಒಳನಾಡಿನಲ್ಲಿ ಬಹುಮಟ್ಟಿಗೆ ಹರಿದುಹೋಗಿವೆ. ಗ್ರಾನೈಟ್ ಆಗಲಿ ಲಾವಾ ಆಗಲಿ ಕರಗಿ ಹರಿದ ಕಲ್ಲು, ಅದರಲ್ಲಿ ಮೂಳೆ ಉಳಿಯುವುದು ಹೇಗೆ? ಆದರೂ ಒಂದು ಲಾವಾ ಹರಿವಿಗೂ ಮುಂದಿನದಕ್ಕೂ ನಡುವೆ ಬಿಡುವು ಸಿಕ್ಕಾಗ ಕೆರೆಗಳಾಗಿ, ಅವುಗಳ ಕೆಸರಲ್ಲಿ ಜೀವಿಗಳು ಸೇರಿಹೋದದ್ದುಂಟು. ಯಾದಗಿರಿ ಜಿಲ್ಲೆಯ ಗುರುಮಠಕಲ್ ಕಡೆ ಅಂಥ ಪದರಗಳಿವೆ.

ಕೃಷ್ಣೆ ದಾಟಿ ವಿಜಯಪುರದ ದಾರಿ ಹಿಡಿದಾಗ ನೆಲ ಕಪ್ಪಾಯಿತು. ಫೆಬ್ರವರಿ, ಬಿಳಿಜೋಳ ತೆನೆ ಬಿಟ್ಟು ನಿಂತಿತ್ತು. ಕೊಯ್ದ ಹೊಲವೊಂದರಲ್ಲಿ ಇಳಿದೆವು. ಬಿರುಕಿನೊಳಗೆ ಕೈ ಹಾಕಿದೆ, ಮುಂಗೈವರೆಗೂ ಹೋಯಿತು. ಮೇಲೆ ಸುಡುಬಿಸಿಲು, ಒಳಗೆ ಬೆರಳ ತುದಿಗೆ ತಣ್ಣಗೆ ತೇವ. ಎರೆಮಣ್ಣಿನ ಗುಟ್ಟು ಈ ತೇವದಲ್ಲಿದೆ. ಲಾವಾ ತಣಿದು ಆದ ಕಪ್ಪು ಕಲ್ಲಿಗೆ ಬಸಾಲ್ಟ್ ಅಂತ ಹೆಸರು. ಅದು ಕೊಳೆತು ಆಗುವ ಜೇಡಿಯ ಕಣಗಳು ನೀರು ಕುಡಿದಾಗ ಹಿಗ್ಗುತ್ತವೆ, ಒಣಗಿದಾಗ ಕುಗ್ಗುತ್ತವೆ. ಬಿರುಕಿನಲ್ಲಿ ಮೇಲ್ಮಣ್ಣು ಉದುರಿ ಕೆಳಗೆ ಬೀಳುತ್ತದೆ, ಮಳೆಗಾಲದಲ್ಲಿ ಮುಚ್ಚಿಕೊಳ್ಳುತ್ತದೆ. ನೆಲ ತನ್ನನ್ನು ತಾನೇ ಉತ್ತುಕೊಳ್ಳುತ್ತದೆ.

ಹೊಲದ ಹಿರಿಯರು ಬಂದು ಏನು ಹುಡುಕುತ್ತಿದ್ದೀರಿ ಅಂತ ಕೇಳಿದರು. ಮಣ್ಣು ಅಂದೆವು. ಅವರಿಗೆ ವಿಚಿತ್ರ ಅನ್ನಿಸಲಿಲ್ಲ. "ಇದು ಎರಿ ರೀ. ಆ ಕಡಿ ದಿಬ್ಬ ಐತಲ್ಲ, ಅದು ಮಡ್ಡಿ, ಗೇಣುದ್ದ ಮಣ್ಣು, ಕೆಳಗ ಗರಸು. ಹೊಳಿ ದಾಟಿದ್ರ ನಿಮ್ಮ ಕಡಿ ಮಸಾರಿ ಸುರು. ಎರ್ಯಾಗ ಹಿಂಗಾರಿ ಮಳಿ ಎರಡ ಸರ್ತಿ ಚೊಲೋ ಬಿದ್ರ ಸಾಕು, ಜೋಳ ಇಬ್ಬನಿ ಮ್ಯಾಲ ಬರತೈತಿ." ಮಸಾರಿ ಅಂದರೆ ನಮ್ಮ ಕೆಂಪು ಮಣ್ಣು. ಮಣ್ಣಿನ ಪಾಠಕ್ಕೆ ಇಷ್ಟು ಸಾಲದೇ? ಮನೆ ಕಟ್ಟುವವರಿಗೆ ಮಾತ್ರ ಇದೇ ಮಣ್ಣು ತಲೆನೋವು. ಪಾಯ ಆಳಕ್ಕೆ ಹೋಗದಿದ್ದರೆ ಗೋಡೆ ಸೀಳುತ್ತದೆ ಅಂತ ಅವರೇ ಹೇಳಿದರು.

ಗೋಳಗುಮ್ಮಟಕ್ಕೆ ಸಂಜೆ ಹೋದೆವು. 1656ರಲ್ಲಿ ಮುಗಿದ ಕಟ್ಟಡ, ಗುಮ್ಮಟದ ಹೊರವ್ಯಾಸ 44 ಮೀಟರ್. ಗೋಡೆಗಳ ಗಾರೆಯ ಕೆಳಗಿರುವುದು ಊರಿನದೇ ಕಪ್ಪು ಬಸಾಲ್ಟ್. ಕೆಲವು ಕಲ್ಲುಗಳಲ್ಲಿ ಸಣ್ಣ ತೂತುಗಳು. ಲಾವಾ ತಣಿಯುವಾಗ ಒಳಗೆ ಸಿಕ್ಕಿಕೊಂಡ ಅನಿಲದ ಗುಳ್ಳೆಗಳು ಅವು.

ಐದನೇ ದಿನ: ಶಹಾಬಾದ್

ಸಿಂದಗಿ, ಜೇವರ್ಗಿ ದಾರಿಯಲ್ಲಿ ಹೇಳಿಕೊಳ್ಳುವಂಥದ್ದೇನಿಲ್ಲ. ತೊಗರಿ, ಬಿಸಿಲು, ಧೂಳು.

ಶಹಾಬಾದ್‌ನಲ್ಲಿ ಲಾವಾ ಸರಿದು ಕೆಳಗಿನ ಹಳೇ ಸುಣ್ಣದ ಕಲ್ಲು ಹೊರಗೆ ಬಂದಿದೆ. ವಯಸ್ಸಿನ ಲೆಕ್ಕದಲ್ಲಿ ಒಂದು ಹೆಜ್ಜೆ ಹಿಂದಕ್ಕೆ ಹೋದ ಹಾಗೆ. ಕ್ವಾರಿಯಲ್ಲಿ ಸಿಡಿಮದ್ದಿನ ಸದ್ದಿಲ್ಲ. ಇಬ್ಬರು ಹಾರೆ ತುದಿಯನ್ನು ಪದರದ ಸಂದಿಗೆ ಕೊಟ್ಟು ಮೀಟಿದರು. ಬಾಗಿಲಗಲದ ಹಾಳೆ, ಎರಡು ಬೆರಳು ದಪ್ಪ, ಸಲೀಸಾಗಿ ಮೇಲೆದ್ದು ಬಂತು. ನಿಂತ ನೀರಲ್ಲಿ ಸುಣ್ಣದ ಕೆಸರು ಎಷ್ಟು ನೆಮ್ಮದಿಯಾಗಿ ಕೂತಿತ್ತು ಅನ್ನುವುದು ಆ ಸಪಾಟಿನಲ್ಲೇ ಗೊತ್ತಾಗುತ್ತದೆ. ಕರ್ನಾಟಕದಲ್ಲಿ ಗ್ರಾನೈಟ್, ಟೈಲ್ಸ್ ಬರುವ ಮುಂಚೆ ಎಷ್ಟು ಶಾಲೆ, ಎಷ್ಟು ರೈಲು ನಿಲ್ದಾಣ ಈ ಫರಸಿಯ ಮೇಲೆ ನಿಂತಿದ್ದವೋ!

ಮಾವ ಟಾಯ್ಲೆಟ್ ತೊಳೆಯುವ ಆಸಿಡ್ ತಂದಿದ್ದರು, ನಾನೇ ಹೇಳಿದ್ದೆ. ಒಂದು ಚೂರಿನ ಮೇಲೆ ಒಂದು ಹನಿ ಬಿಟ್ಟರು. ಚುರ್ ಅಂತ ನೊರೆ ಎದ್ದಿತು. ಹಾಗೆ ನೊರೆ ಬಂದರೆ ಸುಣ್ಣದ ಕಲ್ಲು. ಹಂಪಿಯಿಂದ ತಂದಿದ್ದ ಗ್ರಾನೈಟ್ ಚೂರಿನ ಮೇಲೆ ಅದೇ ಹನಿ ಸುಮ್ನೆ ಕೂತಿತ್ತು. ಶಹಾಬಾದ್ ಕಲ್ಲಿನ ನೆಲಕ್ಕೆ ಆಸಿಡ್ ಹಾಕಿ ತೊಳೆಯಬೇಡಿ ಅನ್ನುವುದು ಇದಕ್ಕೇ.

ಕೊನೆಯ ದಿನ: ಬೀದರ್

ಬೀದರ್ ಹತ್ತಿರವಾದಂತೆ ಕಪ್ಪು ನೆಲ ಇದ್ದಕ್ಕಿದ್ದಂತೆ ಇಟ್ಟಿಗೆ ಕೆಂಪಾಗುತ್ತದೆ. ಕರಾವಳಿಯವರಿಗೆ ಗೊತ್ತಿರುವ ಮುರಕಲ್ಲೇ, ಸಮುದ್ರದಿಂದ ಇಷ್ಟು ದೂರ. ಬಹಮನಿಯರ ಕೋಟೆ, ಅದರ ಮೂರು ಸುತ್ತಿನ ಕಂದಕ ಎಲ್ಲ ಈ ಕಲ್ಲನ್ನೇ ಕಡಿದು ಮಾಡಿದ್ದು. ತೋಡುವಾಗ ಮೆತ್ತಗಿರುತ್ತದೆ, ಗಾಳಿಗೆ ಒಣಗಿದ ಮೇಲೆ ಗಟ್ಟಿಯಾಗುತ್ತದೆ.

ನನಗೆ ಈ ಇಡೀ ದಾರಿಯಲ್ಲಿ ಎಲ್ಲಕ್ಕಿಂತ ಜಾಸ್ತಿ ಹಿಡಿಸಿದ್ದು ಇದು. ವಿಜಯಪುರದ ಎರೆಮಣ್ಣು, ಬೀದರ್‌ನ ಮುರಕಲ್ಲು, ಎರಡಕ್ಕೂ ತಾಯಿ ಒಂದೇ ಬಸಾಲ್ಟ್. ಮಳೆ ಕಮ್ಮಿ ಇದ್ದು, ನೀರು ಬಸಿದುಹೋಗದ ಕಡೆ ಕಲ್ಲಿನ ಸಾರವೆಲ್ಲ ಉಳಿದು ಕಪ್ಪು ಜೇಡಿಯಾಯಿತು. ಎತ್ತರದ ಸಪಾಟಿನಲ್ಲಿ ಬಹುಕಾಲ ಜೋರು ಮಳೆ ಬಿದ್ದು, ನೀರು ಇಳಿದುಹೋಗುತ್ತಲೇ ಇದ್ದ ಕಡೆ ಸಿಲಿಕಾ, ಸುಣ್ಣ ಎಲ್ಲ ತೊಳೆದುಹೋಯಿತು. ಉಳಿದದ್ದು ಕಬ್ಬಿಣ ಮತ್ತು ಅಲ್ಯುಮಿನಿಯಂ.

ಮುರಕಲ್ಲಿನ ತೂತುಗಳಲ್ಲಿ ಮಳೆನೀರು ಇಳಿಯುತ್ತದೆ. ಕೆಳಗಿನ ಜೇಡಿ, ಬಸಾಲ್ಟ್ ಅದನ್ನು ತಡೆಯುತ್ತವೆ. ನೀರು ಅಂಚಿಗೆ ಬಂದು ಒಸರುತ್ತದೆ. ಗುರುನಾನಕ್ ಝೀರಾ ಗುರುದ್ವಾರದ ಚಿಲುಮೆ, ಎದೆಮಟ್ಟದ ನೀರಲ್ಲಿ ನಡೆದುಹೋಗುವ ಝರಣಿ ನರಸಿಂಹನ ಗುಹೆಗುಡಿ, ಎರಡರ ಹಿಂದೆಯೂ ಇರುವುದು ಈ ಏರ್ಪಾಡು. ನೌಬಾದ್‌ನ ಕರೇಜ್ ಅನ್ನುವ ಸುರಂಗ ಕಾಲುವೆಯ ಬಾವಿ ಬಾಯಿಗಳಲ್ಲಿ ಮಾವ ಒಂದನ್ನೂ ಬಿಡದೆ ಬಗ್ಗಿ ನೋಡಿದರು. 15ನೇ ಶತಮಾನದಲ್ಲಿ ನೆಲದೊಳಗೇ ಇಳಿಜಾರಾಗಿ ಕಾಲುವೆ ಕೊರೆದು, ಎತ್ತುವ ಶ್ರಮವಿಲ್ಲದೆ ನೀರು ತಾನಾಗಿ ಹರಿಯುವಂತೆ ಮಾಡಿದ್ದರು. "ಯಾರೋ ಕಲ್ಲು ಗೊತ್ತಿದ್ದೋರೇ ಮಾಡ್ಸಿದಾರೆ," ಅಂತ ಮಾವ ಒಪ್ಪಿದರು. ಅವರ ಬಾಯಿಂದ ಬಂದರೆ ಅದು ದೊಡ್ಡ ಸರ್ಟಿಫಿಕೇಟು.

ಓಲ್ಡ್ ಸಿಟಿಯ ಬಿದ್ರಿ ಅಂಗಡಿಯೊಂದರಲ್ಲಿ ಕುಶಲಕರ್ಮಿಯೊಬ್ಬರು ಹೂಜಿಗೆ ಬೆಳ್ಳಿ ತಂತಿ ಕೂರಿಸುತ್ತಿದ್ದರು. ಸತು ಜಾಸ್ತಿ, ತಾಮ್ರ ಸ್ವಲ್ಪ ಸೇರಿದ ಲೋಹ. ಕೊನೆಗೆ ಕೋಟೆಯ ಹಳೇ ಮಣ್ಣನ್ನು ನವಸಾಗರ ಬೆರೆಸಿದ ನೀರಲ್ಲಿ ಕಲಸಿ, ಬಿಸಿ ಮಾಡಿದ ಪಾತ್ರೆಗೆ ತಿಕ್ಕಿದರು. ಬೂದು ಲೋಹ ನೋಡನೋಡುತ್ತ ಕಾಡಿಗೆ ಕಪ್ಪಾಯಿತು, ಬೆಳ್ಳಿ ಮಾತ್ರ ಹಾಗೇ ಬೆಳ್ಳಗೆ. ಮಣ್ಣು ಸರಿಯಿದೆಯಾ ಅಂತ ಹೇಗೆ ಗೊತ್ತಾಗುತ್ತೆ ಅಂತ ಕೇಳಿದೆ. ಚಿಟಿಕೆ ತೆಗೆದು ನಾಲಿಗೆಗೆ ಇಟ್ಟುಕೊಂಡು ತೋರಿಸಿದರು. ಮಳೆ-ಬಿಸಿಲು ಕಾಣದ ಜಾಗದ ಮಣ್ಣೇ ಆಗಬೇಕಂತೆ. ಮಾವನೂ ಒಂದು ಚಿಟಿಕೆ ರುಚಿ ನೋಡಿದರು. ಉಪ್ಪುಪ್ಪು ಅಂದರು.

ವಾಪಸು ಅದೇ ದಾರಿ ಹಿಡಿಯುವುದು ಅಂದುಕೊಂಡಿದ್ದೆವು. ಹೈದರಾಬಾದ್‌ನ ಬಿರ್ಲಾ ವಿಜ್ಞಾನ ಮ್ಯೂಸಿಯಂನಲ್ಲಿ ಕೋಟಾಸಾರಸ್ ಡೈನೊಸಾರ್‌ನ ಅಸ್ಥಿಪಂಜರ ನಿಲ್ಲಿಸಿದ್ದಾರೆ, ಗೋದಾವರಿ ಕಣಿವೆಯಲ್ಲಿ ಸಿಕ್ಕ ನಿಜವಾದ ಮೂಳೆಗಳು ಅಂತ ರಾತ್ರಿ ಊಟದಲ್ಲಿ ಬಾಯಿಬಿಟ್ಟೆ. ಮಾವ ರೊಟ್ಟಿ ಮುರಿಯುವುದು ನಿಲ್ಲಿಸಿ, ಇಲ್ಲಿಂದ ಎಷ್ಟು ದೂರ ಅಂತ ಕೇಳಿದರು. ಬೆಳಿಗ್ಗೆ ಹೊರಟರೆ ಮಧ್ಯಾಹ್ನದೊಳಗೆ ಅಂದೆ. ಹಾಗಾದರೆ ಐದಕ್ಕೇ ಅಲಾರಂ ಇಡು ಅಂದರು.